ದೋಣಿ ಇಂಜಿನ್‌ಗೆ ಪಿಕಪ್ ಇಲ್ವಾ? ಬಿಚ್ಚೋ ಮೊದಲು ಆರ್‌ಪಿಎಂ ನೋಡಿ

"ಅಣ್ಣ, ಇಂಜಿನ್ ಬೋರ್ ಮಾಡಿಸ್ಬೇಕಂತೆ. ಪಿಕಪ್ಪೇ ಇಲ್ಲ."

ಹೋದ ವರ್ಷ ಕಾರ್ತಿಕದಲ್ಲಿ ಕುಣಿಗಲ್‌ನ ನನ್ನ ಅಂಗಡಿಗೆ ಬಂದ ಮೀನುಗಾರ ಹುಡುಗ ಹೇಳಿದ ಮೊದಲ ಮಾತು ಇದು. ಅವನ ಹತ್ತಿರ ಇದ್ದದ್ದು 9.9 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಬಿಗಿಯುವ ಇಂಜಿನ್. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದು, ಮಾರ್ಕೋನಹಳ್ಳಿ ಜಲಾಶಯದಲ್ಲಿ 16 ಅಡಿ ಫೈಬರ್ ದೋಣಿಗೆ ಹಾಕಿದ್ದ. ಮೂರು ಜನ, ಬಲೆ, ಮೀನಿನ ಕ್ರೇಟು ಹೇರಿಕೊಂಡು ಹೊರಟರೆ ದೋಣಿ ಮೂತಿ ಆಕಾಶಕ್ಕೆ ಎತ್ತಿ, ನೀರು ಉಳುತ್ತಾ ಹೋಗುತ್ತಿತ್ತು. ಬೇರೊಂದು ಕಡೆ ತೋರಿಸಿದಾಗ ಬೋರ್ (ಸಿಲಿಂಡರ್ ಕೊರೆಸುವುದು), ಪಿಸ್ಟನ್, ರಿಂಗು ಅಂತ ದೊಡ್ಡ ಪಟ್ಟಿಯೇ ಬಂದಿತ್ತು.

ನಾವು ಆ ಇಂಜಿನ್ ಬಿಚ್ಚಲೇ ಇಲ್ಲ. ಆದರೂ ಗಂಟೆಗೆ 11 ಕಿಲೋಮೀಟರ್ ಹೋಗುತ್ತಿದ್ದ ದೋಣಿ ಅದೇ ಲೋಡ್‌ನಲ್ಲಿ 20ಕ್ಕೆ ಬಂತು. ಯಾವ ಕ್ರಮದಲ್ಲಿ ಹುಡುಕಿದೆವು, ಎಲ್ಲಿ ಏನು ಸಿಕ್ಕಿತು ಅಂತ ಬರೆಯುತ್ತಿದ್ದೇನೆ. ಪಂಪ್‌ಸೆಟ್, ಟಿಲ್ಲರ್ ಕೆಲಸ ಗೊತ್ತಿರುವ ಯಾರಾದರೂ ಇದನ್ನು ಮಾಡಬಹುದು.

ನಮ್ಮ ನೀರು ಎತ್ತರದಲ್ಲಿದೆ

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮಾರ್ಕೋನಹಳ್ಳಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 730 ಮೀಟರ್ ಮೇಲೆ ಇರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಊರುಗಳ ಕೆರೆಗಳು ಇನ್ನೂ ಮೇಲೆ, 800–900 ಮೀಟರ್ ಆಸುಪಾಸಿನಲ್ಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರ್‌ಗೆ ಇಂಜಿನ್ ಶಕ್ತಿ ಸುಮಾರು 3 ಶೇಕಡಾ ಇಳಿಯುತ್ತದೆ ಅಂತ ಲೆಕ್ಕ. ಅಂದರೆ ಸಮುದ್ರದ ದಡದಲ್ಲಿ 9.9 ಎಚ್‌ಪಿ ಕೊಡುತ್ತಿದ್ದ ಇಂಜಿನ್ ನಮ್ಮಲ್ಲಿ ಹೆಚ್ಚುಕಡಿಮೆ 9.2 ಕೊಡುತ್ತದೆ.

ಇಷ್ಟೇನಾ ಅನಿಸಬಹುದು. ಆದರೆ ಆ ಇಂಜಿನ್‌ನ ಪ್ರೊಪೆಲ್ಲರ್ (ನೀರಿನಲ್ಲಿ ತಿರುಗಿ ದೋಣಿ ತಳ್ಳುವ ರೆಕ್ಕೆಚಕ್ರ) ಅಲ್ಲಿನ ಶಕ್ತಿಗೆ, ಅಲ್ಲಿನ ಉದ್ದನೆಯ ದೋಣಿಗೆ ನೋಡಿ ಹಾಕಿದ್ದು. ಇಲ್ಲಿ ಅದೇ ಪ್ರೊಪೆಲ್ಲರ್ ಕಟ್ಟಿದರೆ, ಲೋಡ್ ಟ್ರಾಕ್ಟರನ್ನು ಏರಿನಲ್ಲಿ ಟಾಪ್ ಗೇರ್‌ನಲ್ಲಿ ಎಳೆಸಿದ ಹಾಗೆ. ಇಂಜಿನ್ ಚೆನ್ನಾಗಿಯೇ ಇರುತ್ತದೆ. ಆದರೆ ಮೇಲೇಳುವುದಿಲ್ಲ.

ಕರಾವಳಿಯಿಂದ ತರುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಪೆಟ್ರೋಲ್ ಇಂಜಿನ್ನೋ, ಸೀಮೆಎಣ್ಣೆ ಇಂಜಿನ್ನೋ? ಅಲ್ಲಿ ನಾಡದೋಣಿಗಳಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್‌ಗಳು ಜಾಸ್ತಿ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅಂಥ ಇಂಜಿನ್‌ಗೆ ಕಂಪನಿಯಿಂದಲೇ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕಡಿಮೆ ಇಟ್ಟಿರುತ್ತಾರೆ. ಗೇಜ್ ಹಾಕಿ ನೋಡಿದವರು "ಕಂಪ್ರೆಷನ್ ಹೋಗಿದೆ" ಅಂತ ತಪ್ಪು ತಿಳಿಯುವುದು ಇಲ್ಲಿಯೇ. ಮಾಡೆಲ್ ಪ್ಲೇಟ್ ಓದಿ, ಆ ಮಾಡೆಲ್‌ನ ಕೈಪಿಡಿ ಜೊತೆ ತಾಳೆ ನೋಡಿ. ಎರಡು ಸಿಲಿಂಡರ್ ಇದ್ದರೆ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇಕಡಾ 10ರ ಒಳಗಿದ್ದರೆ ಬೋರ್ ಮಾತು ಸದ್ಯಕ್ಕೆ ಬಿಡಿ. ಹುಡುಗನ ಇಂಜಿನ್ ಪೆಟ್ರೋಲ್‌ನದೇ ಆಗಿತ್ತು, ಎರಡೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಅಳತೆ ತೋರಿಸಿದವು.

ಎರಡು ಅಳತೆ ಬೇಕು

ವೇಗ ಮತ್ತು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು). ಇವೆರಡೂ ಗೊತ್ತಿಲ್ಲದೆ ಏನು ಮಾಡಿದರೂ ಅದು ಊಹೆ.

ವೇಗಕ್ಕೆ ಫೋನಿನ ಜಿಪಿಎಸ್ ಸಾಕು. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಆರ್‌ಪಿಎಂಗೆ ಪ್ಲಗ್ ವೈರ್ ಸುತ್ತ ತಂತಿ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ. ಇಂಜಿನ್ ಬಿಚ್ಚುವ ಕೆಲಸ ಇಲ್ಲ. ಸೆಟ್ಟಿಂಗ್ ಮಾತ್ರ ಸರಿಯಾಗಿ ಹಾಕಿ: ಟೂ-ಸ್ಟ್ರೋಕ್‌ನಲ್ಲಿ ಒಂದು ಸುತ್ತಿಗೆ ಒಂದು ಕಿಡಿ. ಸೆಟ್ಟಿಂಗ್ ತಪ್ಪಿದರೆ ಮೀಟರ್ ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತದೆ. ಐಡ್ಲಿಂಗ್‌ನಲ್ಲೇ 2000 ತೋರಿಸಿದರೆ ಅದೇ ಕಾರಣ ಇರಬೇಕು.

ಇದನ್ನು ನೀರಿನಲ್ಲೇ, ದಿನಾ ಹೋಗುವಷ್ಟು ಲೋಡ್ ಹಾಕಿಯೇ ಮಾಡಬೇಕು. 200 ಲೀಟರ್ ಡ್ರಮ್ಮಿನಲ್ಲಿ ನಿಲ್ಲಿಸಿ ಫುಲ್ ಥ್ರಾಟಲ್ ಕೊಟ್ಟರೆ ರೆಕ್ಕೆ ಗಾಳಿ ಕಲೆಸುತ್ತದೆ, ಅಳತೆ ಸುಳ್ಳಾಗುತ್ತದೆ. ಓಡಿಸುವಾಗ, ಎಳೆದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕೈಗೋ ಸೊಂಟಕ್ಕೋ ಕಟ್ಟಿಕೊಂಡಿರಿ, ಲೈಫ್ ಜಾಕೆಟ್ ಹಾಕಿರಿ. ಮಾರ್ಕೋನಹಳ್ಳಿಯಲ್ಲಂತೂ ಕಟ್ಟೆಯ ಹತ್ತಿರ ಟೆಸ್ಟ್ ಬೇಡವೇ ಬೇಡ. ಅಲ್ಲಿರುವುದು ಹೆಚ್ಚಾದ ನೀರನ್ನು ತಾನೇ ತಾನಾಗಿ ಹೊರಗೆ ಹಾಕುವ ಸೈಫನ್. ಯಾರೂ ಗೇಟ್ ಎತ್ತುವುದಿಲ್ಲ, ನೀರು ಮಟ್ಟ ಮುಟ್ಟಿದ ತಕ್ಷಣ ಎಳೆಯಲು ಶುರು ಮಾಡುತ್ತದೆ.

ಫುಲ್ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಇರಬೇಕು ಅನ್ನುವುದು ಕೈಪಿಡಿಯಲ್ಲಿ ಇರುತ್ತದೆ. ಈ ಅಳತೆಯ ಹಲವು ಟೂ-ಸ್ಟ್ರೋಕ್‌ಗಳಿಗೆ 4500ರಿಂದ 5500. ಹುಡುಗನ ಇಂಜಿನ್ ತೋರಿಸಿದ್ದು 3900.

ಈಗ ದಾರಿ ಎರಡಾಗಿ ಒಡೆಯುತ್ತದೆ. ಆರ್‌ಪಿಎಂ ಕಡಿಮೆ, ವೇಗವೂ ಕಡಿಮೆ ಅಂದರೆ ಇಂಜಿನ್‌ಗೆ ಉಸಿರಿಲ್ಲ, ಇಲ್ಲವೇ ಹೊರೆ ಜಾಸ್ತಿ. ಆರ್‌ಪಿಎಂ ಮೇಲಕ್ಕೆ ಹಾರುತ್ತದೆ, ದೋಣಿ ಮಾತ್ರ ಹೋಗುವುದಿಲ್ಲ ಅಂದರೆ ಶಕ್ತಿ ನೀರಿಗೆ ತಲುಪುತ್ತಿಲ್ಲ.

ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಪ್ರೊಪೆಲ್ಲರ್ ಸುತ್ತ ಕಳೆ ಸುತ್ತಿದೆಯಾ ನೋಡಿ. ಇಂಜಿನ್ ತೀರಾ ಮೇಲೆ ಕೂತು ಗಾಳಿ ಎಳೆಯುತ್ತಿದೆಯಾ ನೋಡಿ. ಇವೆರಡೂ ಇಲ್ಲದಿದ್ದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಅದನ್ನು ಹಿಡಿಯಲು ನೈಲ್ ಪಾಲಿಶ್ ಸಾಕು. ಪ್ರೊಪೆಲ್ಲರ್ ಹಿಂಭಾಗದಲ್ಲಿ ಒಳಗಿನ ಲೋಹದ ತೋಳು, ನಡುವಿನ ರಬ್ಬರ್, ಹೊರಗಿನ ಅಲ್ಯೂಮಿನಿಯಂ ಮೂರನ್ನೂ ದಾಟುವಂತೆ ಒಂದು ನೇರ ಗೆರೆ ಎಳೆಯಿರಿ. ಒಣಗಲಿ. ಹತ್ತು ನಿಮಿಷ ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ಹಾಗೇ ಇದ್ದರೆ ಬುಷ್ ಗಟ್ಟಿ. ಗೆರೆ ಮುರಿದು ಒಂದು ತುಂಡು ಪಕ್ಕಕ್ಕೆ ಸರಿದಿದ್ದರೆ ಬುಷ್ ಹೋಗಿದೆ, ಪ್ರೊಪೆಲ್ಲರ್ ಬದಲಿಸಿ ಇಲ್ಲವೇ ಬುಷ್ ಹಾಕಿಸಿ. ಇದನ್ನು ಕ್ಲಚ್ ದೋಷ ಅಂದುಕೊಂಡು ಗೇರ್ ಕೇಸ್ ಬಿಚ್ಚಿದವರನ್ನು ನೋಡಿದ್ದೇನೆ, ಪಾಪ ಅನಿಸುತ್ತದೆ.

ಆರ್‌ಪಿಎಂ ಏಳದಿದ್ದರೆ

ದುಡ್ಡು ಖರ್ಚಿಲ್ಲದ್ದರಿಂದ ಶುರು ಮಾಡಿ. ಇಂಜಿನ್ ಆಫ್ ಇರಲಿ, ಮೇಲಿನ ಮುಚ್ಚಳ ತೆಗೆದು ಒಬ್ಬರು ಹ್ಯಾಂಡಲ್ ಪೂರ್ತಿ ತಿರುಗಿಸಲಿ, ಇನ್ನೊಬ್ಬರು ಕಾರ್ಬೊರೇಟರ್ ಒಳಗೆ ಗಾಳಿಯ ದಾರಿ ತೆರೆಯುವ ತಗಡು ನೋಡಲಿ. ಅದು ಪೂರ್ತಿ ಮಲಗಬೇಕು. ಹುಡುಗನ ಇಂಜಿನ್‌ನಲ್ಲಿ ಕೇಬಲ್ ಸಡಿಲಾಗಿ ತಗಡು ಮುಕ್ಕಾಲು ಮಾತ್ರ ತೆರೆಯುತ್ತಿತ್ತು. ಟಾರ್ಚ್ ಬಿಟ್ಟು ತೋರಿಸಿದೆ. "ಅಯ್ಯೋ, ಇಷ್ಟು ದಿನ ಫುಲ್ ಅಂತ ತಿರುಗಿಸ್ತಿದ್ದೆನಲ್ಲಣ್ಣ" ಅಂದ. ಕೇಬಲ್ ನಟ್ಟು ಸರಿಮಾಡಿದ ಮೇಲೆ 4200 ಬಂತು.

ಆಮೇಲೆ ಪೆಟ್ರೋಲ್ ಬರುವ ದಾರಿ. ಇಂಜಿನ್ ಮೊದಲೆರಡು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆಯಾ? ಸೊರಗುವಾಗಲೇ ಪೈಪಿನ ರಬ್ಬರ್ ಬಲ್ಬ್ ಹಿಸುಕಿ. ತಕ್ಷಣ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಖಾತ್ರಿ. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ಸ್ಕ್ರೂ ತೆರೆದಿದ್ದೀರಾ ನೋಡಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತವೆ. ಇಲ್ಲದಿದ್ದರೆ ಕಪ್ಲಿಂಗ್‌ನ ಒ-ರಿಂಗು, ಬಿರುಕು ಬಿಟ್ಟ ಪೈಪು, ಫಿಲ್ಟರ್, ಕೊನೆಗೆ ಪೆಟ್ರೋಲ್ ಪಂಪಿನ ಪೊರೆ.

ಈಗಿನ ಪೆಟ್ರೋಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕೆರೆಯ ಮೇಲೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟರೆ ನೀರು ಸೇರಿ ಸೇರಿ ಒಂದು ದಿನ ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪು ಎಳೆಯುವುದೂ ತಳದಿಂದಲೇ. ಟೂ-ಸ್ಟ್ರೋಕ್‌ಗೆ ಇದು ಇನ್ನೂ ಕೆಟ್ಟದ್ದು, ಯಾಕಂದ್ರೆ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿದುಬಿಡುತ್ತದೆ. ಪಿಸ್ಟನ್‌ಗೆ ಜಿಡ್ಡೇ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ತೆಗೆದು ಅಲುಗಾಡದ ಹಾಗೆ ಅರ್ಧ ಗಂಟೆ ಇಡಿ. ಬೆಳಕಿಗೆ ಹಿಡಿದು ನೋಡಿ. ಎರಡು ಪದರ ಕಂಡರೆ ಎಲ್ಲಾ ಪೆಟ್ರೋಲ್ ಚೆಲ್ಲದೆ ಬೇರೆ ಕ್ಯಾನಿಗೆ ತೆಗೆದು, ಟ್ಯಾಂಕ್ ಒಣಗಿಸಿ, ಹೊಸದು ಹಾಕಿ. ಕೆರೆಗೆ ಒಂದು ಹನಿಯೂ ಬೀಳಬಾರದು. ಆ ನೀರನ್ನೇ ದನ ಕುಡಿಯುತ್ತವೆ, ನಾವೂ ಕುಡಿಯುತ್ತೇವೆ.

ಇಲ್ಲಿ ನಾನು ಶಿಫಾರಸು ಮಾಡುವ ಮೊದಲ ಅಪ್‌ಗ್ರೇಡ್: ಟ್ಯಾಂಕ್ ಮತ್ತು ಇಂಜಿನ್ ನಡುವೆ ನೀರು ಬೇರೆ ಮಾಡುವ ಫಿಲ್ಟರ್. ಪಾರದರ್ಶಕ ಬಟ್ಟಲು ಇರುವುದನ್ನೇ ತನ್ನಿ, ನೀರು ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ಹಳೇ ರಬ್ಬರ್ ಪೈಪು ಮೆತ್ತಗಾಗಿದ್ದರೆ ಎಥನಾಲ್ ತಡೆಯುವ ಪೈಪಿಗೆ ಬದಲಿಸಿ. ಆಯಿಲ್ ಬೈಕಿನ 2ಟಿ ಬೇಡ. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಆಯಿಲ್ಲೇ ಆಗಬೇಕು. ಕೈಪಿಡಿ 50:1 ಅಂದರೆ 5 ಲೀಟರ್‌ಗೆ 100 ಮಿಲಿ. ಕಣ್ಣಂದಾಜು ಬೇಡ, ಅಳತೆ ಲೋಟ ಇಟ್ಟುಕೊಳ್ಳಿ.

ಪ್ಲಗ್ ಎರಡೂ ತೆಗೆದು ಪಕ್ಕಪಕ್ಕ ಇಡಿ. ಎರಡೂ ಒಂದೇ ಕಂದು ಬಣ್ಣ ಇದ್ದರೆ ಸರಿ. ಒಂದು ಒದ್ದೆ, ಇನ್ನೊಂದು ಒಣ ಅಂದರೆ ಒಂದು ಸಿಲಿಂಡರ್ ಸುಮ್ನೆ ಜೊತೆಗೆ ತಿರುಗುತ್ತಿದೆ. ಕಿಡಿ ನೋಡುವಾಗ ಪ್ಲಗ್ಗಿನ ಮೈ ಇಂಜಿನ್‌ಗೆ ತಾಗಿರಲೇಬೇಕು. ಕ್ಯಾಪ್ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗಬಹುದು.

ತಣಿಸುವ ನೀರನ್ನೂ ನೋಡಿ. ಇಂಜಿನ್ ಹಿಂದೆ ಚಿಮ್ಮುವ ನೀರಿನ ಎಳೆ ಗಟ್ಟಿಯಾಗಿ ಬರಬೇಕು, ಬೆಚ್ಚಗಿರಬೇಕು, ಕೈ ಇಟ್ಟರೆ ಸುಡಬಾರದು. ಬೇಸಿಗೆಯಲ್ಲಿ ನಮ್ಮ ಜಲಾಶಯಗಳು ಇಳಿದಾಗ ಹೂಳು ಕಲಕಿದ ನೀರನ್ನೇ ಪಂಪು ಎಳೆಯುತ್ತದೆ, ಪಂಪಿನ ಒಳಗಿನ ರಬ್ಬರ್ ಚಕ್ರ (ಇಂಪೆಲ್ಲರ್) ಬೇಗ ಸವೆಯುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಸಮುದ್ರದಲ್ಲಿ ಓಡಿದ ಇಂಜಿನ್ ಆದರೆ ಒಳದಾರಿಗಳಲ್ಲಿ ಉಪ್ಪು ಕಟ್ಟಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಎಳೆ ಸಣ್ಣಗೇ ಇರುತ್ತದೆ. ಆಗ ಥರ್ಮೋಸ್ಟಾಟ್ ತೆಗೆದು ಆ ದಾರಿ ತೊಳೆಯಬೇಕು. ಥರ್ಮೋಸ್ಟಾಟನ್ನು ಬಿಸಿನೀರಿಗೆ ಹಾಕಿ ಬಾಯಿ ತೆರೆಯುತ್ತದಾ ನೋಡಿ.

ಭಾರ ಎಲ್ಲಿದೆ, ಇಂಜಿನ್ ಎಷ್ಟು ಎತ್ತರದಲ್ಲಿದೆ

ಇಂಜಿನ್ ಸರಿಯಿದೆ ಅಂತ ಖಾತ್ರಿಯಾಯಿತು. ಈಗ ದೋಣಿ ನೋಡಿ. ಹುಡುಗನ ದೋಣಿಯಲ್ಲಿ ಪೆಟ್ರೋಲ್ ಟ್ಯಾಂಕು, ಬಲೆ, ಕ್ರೇಟು, ಓಡಿಸುವವನು ಎಲ್ಲಾ ಹಿಂದೆಯೇ. ಮುಂದೆ ಖಾಲಿ. ಮೂತಿ ಎತ್ತದೆ ಇನ್ನೇನು ಮಾಡೀತು? ಟ್ಯಾಂಕು ಮತ್ತು ಬಲೆಯನ್ನು ಮಧ್ಯಕ್ಕಿಂತ ಮುಂದಕ್ಕೆ ಸರಿಸಿದೆವು, ಪೈಪು ಉದ್ದ ಮಾಡಿದೆವು. ಹ್ಯಾಂಡಲ್‌ಗೆ ಗಟ್ಟಿಯಾಗಿ ಕೂರುವ ಪಿವಿಸಿ ಪೈಪಿನ ತುಂಡು ಸೇರಿಸಿದ್ದರಿಂದ ಓಡಿಸುವವನೂ ಎರಡಡಿ ಮುಂದೆ ಕೂತ. ಪೈಪು ಜಾರದ ಹಾಗೆ ಎರಡು ಕ್ಲಿಪ್ ಬಿಗಿದೆವು. ಥ್ರಾಟಲ್ ಅದರಿಂದಲೇ ತಿರುಗಬೇಕಲ್ಲ. ಇಷ್ಟಕ್ಕೆ 4400 ಆರ್‌ಪಿಎಂ, 14 ಕಿಲೋಮೀಟರ್.

ಒಂದು ಮಿತಿ ಹೇಳಿಬಿಡುತ್ತೇನೆ. ನೀರನ್ನು ಸೀಳಿಕೊಂಡೇ ಹೋಗುವ 16 ಅಡಿ ದೋಣಿಗೆ ಗಂಟೆಗೆ ಸುಮಾರು 10 ಕಿಲೋಮೀಟರ್ ಹತ್ತಿರ ಒಂದು ಗೋಡೆ ಇದೆ. ತನ್ನದೇ ಅಲೆಯನ್ನು ಹತ್ತಲಾರದೆ ಒದ್ದಾಡುತ್ತದೆ. ಚಪ್ಪಟೆ ತಳದ ಹಗುರ ದೋಣಿ ಆ ಅಲೆ ಹತ್ತಿ ನೀರಿನ ಮೇಲೆ ಜಾರಬಲ್ಲದು. ದುಂಡು ತಳದ, ತೀರಾ ಭಾರದ ದೋಣಿ ಹತ್ತಲಾರದು. ಅಂಥದ್ದಕ್ಕೆ ವೇಗದ ಆಸೆಯಲ್ಲಿ ದೊಡ್ಡ ಇಂಜಿನ್ ತರಬೇಡಿ, ಪೆಟ್ರೋಲ್ ಉಳಿಸುವುದರ ಕಡೆ ನೋಡಿ.

ಇನ್ನು ಎತ್ತರ. ಪ್ರೊಪೆಲ್ಲರ್ ಮೇಲೆ ಒಂದು ಅಡ್ಡ ತಟ್ಟೆ ಇರುತ್ತದೆಯಲ್ಲ, ಅದು ದೋಣಿ ತಳದ ಸಮಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ದೋಣಿ ದಡಕ್ಕೆ ಎಳೆದು, ತಳಕ್ಕೆ ಒಂದು ನೇರ ರೀಪು ಹಿಡಿದು ಹಿಂದಕ್ಕೆ ಚಾಚಿ ಅಳೆಯಿರಿ. ಹುಡುಗನದ್ದರಲ್ಲಿ ತಟ್ಟೆ ಎರಡೂವರೆ ಇಂಚು ಕೆಳಗಿತ್ತು. ಅಷ್ಟು ಲೋಹ ಸುಮ್ನೆ ನೀರಿನಲ್ಲಿ ಎಳೆದಾಡುತ್ತಿತ್ತು. ಹಿಂಬದಿ ಹಲಗೆಯ ಮೇಲೆ ಒಂದೂವರೆ ಇಂಚಿನ ಗಟ್ಟಿ ಮರದ ತುಂಡು ಬೋಲ್ಟ್ ಹಾಕಿ ಕೂರಿಸಿ, ಅದರ ಮೇಲೆ ಇಂಜಿನ್ ಬಿಗಿದೆವು. ಕ್ಲಾಂಪ್ ಹಲಗೆಯನ್ನು ಪೂರ್ತಿ ಹಿಡಿದಿರಬೇಕು, ಇಂಜಿನ್‌ಗೊಂದು ಸರಪಳಿಯೂ ಇರಲಿ. ತಿರುವಿನಲ್ಲಿ ರೆಕ್ಕೆ ಗಾಳಿ ಎಳೆದು ಕಿರುಚಿದರೆ ಎತ್ತರ ಜಾಸ್ತಿಯಾಯಿತು ಅಂತ ಅರ್ಥ, ಸ್ವಲ್ಪ ಇಳಿಸಿ. ಬಾಗು ಸರಿಮಾಡುವ ಪಿನ್ನನ್ನು, ಓಡುವಾಗ ಆ ತಟ್ಟೆ ನೀರಿಗೆ ಸಮಾನಾಂತರ ಇರುವ ತೂತಿಗೆ ಹಾಕಿ. ಮೂತಿ ಕುಣಿದರೆ ಒಂದು ತೂತು ಒಳಗೆ, ಮೂತಿ ನೀರಿಗೆ ಹೂತುಕೊಂಡರೆ ಒಂದು ತೂತು ಹೊರಗೆ. ಇದರಿಂದ 4550, 15.5 ಕಿಲೋಮೀಟರ್.

ಕೊನೆಗೆ ಪ್ರೊಪೆಲ್ಲರ್

ದುಡ್ಡು ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ಪ್ರೊಪೆಲ್ಲರ್ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ಮರಕ್ಕೆ ಸ್ಕ್ರೂ ಇಳಿದ ಹಾಗೆ, ಒಂದು ಸುತ್ತಿಗೆ ಜಾರದೆ ಎಷ್ಟು ಮುಂದೆ ಹೋಗಬೇಕೋ ಅಷ್ಟು. ಹುಡುಗನದ್ದು 9¼ × 10.

ಲೆಕ್ಕ ಹೀಗಿದೆ. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲ್ಲರ್‌ನ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು ತಿರುಗುತ್ತದೋ ಅದು) ಭಾಗಿಸಿ, ಪಿಚ್‌ನಿಂದ ಗುಣಿಸಿ, ಬಂದದ್ದನ್ನು 0.001524ರಿಂದ ಗುಣಿಸಿ. ಅದು ಜಾರದೆ ಹೋದರೆ ಬರಬೇಕಾದ ವೇಗ, ಗಂಟೆಗೆ ಕಿಲೋಮೀಟರ್‌ನಲ್ಲಿ. ಈ ಇಂಜಿನ್‌ನ ಅನುಪಾತ 2.08. 4550 ಆರ್‌ಪಿಎಂಗೆ 33 ಕಿಲೋಮೀಟರ್ ಬರಬೇಕಿತ್ತು, ಬರುತ್ತಿದ್ದದ್ದು 15.5. ಅರ್ಧಕ್ಕಿಂತ ಜಾಸ್ತಿ ಜಾರಿಕೆ! ಹಗುರ ದೋಣಿಯಲ್ಲಿ ಜಾರಿಕೆ ಶೇಕಡಾ 10–20 ಇದ್ದರೆ ಒಳ್ಳೆಯದು. ಲೋಡ್ ದೋಣಿಯಲ್ಲಿ 30ರ ಆಸುಪಾಸು ಬಂದರೂ ನಾನು ಒಪ್ಪುತ್ತೇನೆ.

ಪಿಚ್ ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150–200 ಆರ್‌ಪಿಎಂ ಏರುತ್ತದೆ. ನಾವು ಅದೇ ಅಗಲದಲ್ಲಿ 8 ಪಿಚ್‌ನದ್ದು ತರಿಸಿದೆವು. ಹೊಸ ಪ್ರೊಪೆಲ್ಲರ್ ಹಾಕಿದ ಬೆಳಿಗ್ಗೆ ನಾನೇ ದೋಣಿಯಲ್ಲಿ ಕೂತಿದ್ದೆ. ಥ್ರಾಟಲ್ ತಿರುಗಿಸಿದ ಮೇಲೆ ಐದಾರು ಸೆಕೆಂಡ್ ಮೂತಿ ಮೇಲಿತ್ತು. ಆಮೇಲೆ ಇಂಜಿನ್ ದನಿ ತೆಳುವಾಯಿತು, ಮೂತಿ ಮೆಲ್ಲಗೆ ಕೆಳಗಿಳಿಯಿತು, ಹಿಂದಿನ ಕಲಕಿದ ಅಲೆ ಚಪ್ಪಟೆಯಾಗಿ ದೂರ ಸರಿಯಿತು. ಹುಡುಗ ಏನೂ ಮಾತಾಡಲಿಲ್ಲ, ಮೀಟರ್ ಕಡೆ ಬೆರಳು ತೋರಿಸಿದ. 5000. ಫೋನಿನಲ್ಲಿ 20 ಕಿಲೋಮೀಟರ್. ಪಿಚ್ ಒಂದರಿಂದಲೇ ಇಷ್ಟು ಬಂದದ್ದಲ್ಲ. ದೋಣಿ ತನ್ನ ಅಲೆ ಹತ್ತಿದ ಮೇಲೆ ಹೊರೆ ಇಳಿದು ಇನ್ನಷ್ಟು ಏರಿತು.

ಹೊಸದು ಕೊಳ್ಳುವ ಮೊದಲು ಹಳೆಯದು ಬಾಗಿದೆಯಾ ನೋಡಿ. ಕಿಲ್ ಸ್ವಿಚ್ ದಾರ ತೆಗೆದು, ಪ್ಲಗ್ ಬಿಚ್ಚಿ, ಗೇರ್ ಕೇಸಿಗೆ ಒಂದು ತಂತಿ ಕಟ್ಟಿ ಅದರ ತುದಿ ಒಂದು ರೆಕ್ಕೆಯ ಅಂಚಿಗೆ ತಾಗುವ ಹಾಗೆ ಬಗ್ಗಿಸಿ. ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಮೂರೂ ರೆಕ್ಕೆ ಅದೇ ಜಾಗದಲ್ಲಿ ತಾಗಬೇಕು. ಸಣ್ಣ ಕಚ್ಚು ಇದ್ದರೆ ಅರದಿಂದ ನಯ ಮಾಡಿ, ಜಾಸ್ತಿ ಉಜ್ಜಬೇಡಿ. ಪ್ರೊಪೆಲ್ಲರ್ ಬಿಚ್ಚಿದಾಗಲೆಲ್ಲಾ ಶಾಫ್ಟ್ ಬುಡ ನೋಡಿ. ಬಲೆಯ ನೈಲಾನ್ ಎಳೆ ಅಲ್ಲಿ ಸುತ್ತಿ ಸೀಲ್ ಕೊಯ್ಯುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಬಂದರೆ ನೀರು ನುಗ್ಗಿದೆ, ಸೀಲ್ ಹಾಕದೆ ಓಡಿಸಬೇಡಿ.

ಕಾರ್ಬೊರೇಟರ್ ಜೆಟ್ ಮುಟ್ಟಬೇಡಿ

"ಎತ್ತರದಲ್ಲಿ ಗಾಳಿ ಕಡಿಮೆ, ಹಾಗಾಗಿ ಸಣ್ಣ ಜೆಟ್ ಹಾಕಿ" ಅಂತ ಹೇಳುವವರಿದ್ದಾರೆ. ಜೆಟ್ ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು. ಹಳೇ ಪೆಟ್ರೋಲ್ ಕಾಲಕ್ಕೆ ಆ ಮಾತಿನಲ್ಲಿ ಅರ್ಥ ಇತ್ತು. ನಮ್ಮ ಎತ್ತರದಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಶೇಕಡಾ 3–4ರಷ್ಟು ಗಟ್ಟಿಯಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಆದರೆ ಶೇಕಡಾ 20 ಎಥನಾಲ್ ಅದೇ ಮಿಶ್ರಣವನ್ನು 7ರಷ್ಟು ತೆಳು ಮಾಡುತ್ತದೆ. ಒಟ್ಟಾರೆ ಆಗಲೇ ತೆಳುವಾಗಿದೆ. ಅದರ ಮೇಲೆ ಜೆಟ್ಟನ್ನೂ ಸಣ್ಣದು ಮಾಡಿದರೆ ಟೂ-ಸ್ಟ್ರೋಕ್ ಇಂಜಿನ್ ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೈಲೆನ್ಸರ್ ಕೊರೆಯುವುದು, ಹೆಡ್ ತೇಯಿಸುವುದು ಇವೂ ಬೇಡ.

ಪಿಚ್ ಇಳಿಸಿದವರು ಇನ್ನೊಂದು ಪರೀಕ್ಷೆ ಮಾಡಬೇಕು. ಒಬ್ಬರೇ, ಖಾಲಿ ದೋಣಿಯಲ್ಲಿ ಫುಲ್ ಥ್ರಾಟಲ್ ಕೊಟ್ಟು ನೋಡಿ. ಆರ್‌ಪಿಎಂ ಕೈಪಿಡಿಯ ಮೇಲಿನ ಮಿತಿ ದಾಟಬಾರದು. ಹುಡುಗನದ್ದು ಒಬ್ಬನೇ ಹೋದಾಗ 5600 ಮುಟ್ಟಿತು, ಅಂದರೆ ಮಿತಿಗಿಂತ 100 ಜಾಸ್ತಿ. ಹಾಗಾಗಿ ಖಾಲಿ ಹೋಗುವಾಗ ಥ್ರಾಟಲ್ ಸ್ವಲ್ಪ ಹಿಂದಕ್ಕೆ ಇಡುತ್ತಾನೆ. ಹಳೇ 10 ಪಿಚ್‌ನದ್ದನ್ನು ಮಾರಿಲ್ಲ. ಒಂದು ಸ್ಪಾನರ್, ಎರಡು ಹೊಸ ಸ್ಪ್ಲಿಟ್ ಪಿನ್ ಜೊತೆ ಗೋಣಿಚೀಲದಲ್ಲಿ ಸುತ್ತಿ ದೋಣಿಯ ಮುಂದಿನ ಹಲಗೆ ಕೆಳಗೆ ಇಟ್ಟಿದ್ದಾನೆ. ನೀರಿನ ಮಧ್ಯೆ ಬಂಡೆಗೆ ಬಡಿದು ರೆಕ್ಕೆ ಮುರಿದರೆ ದಡ ಸೇರಲು ಅದು ಬೇಕಾಗುತ್ತದೆ.